ಎರಡು ಸರೋವರಗಳ ನಡುವಣ ಕಾಂಗ್ ಗ್ರಾಮ

ಸರೋವರದ ತೀರದಲ್ಲಿ ನೆಲೆಸಿದ ಊರುಗಳಿಗೆ ಎರಡು ಬಗೆಯ ಅತಿಥಿಗಳು ಬರುವರು. ನೀರಿನ ಸೊಬಗನ್ನೂ ಅದರೊಳಗಣ ಮೀನನ್ನೂ ಅರಸಿ ಬರುವವರು ಕೆಲವರು; ಆ ನೀರಿನ ದಡದಲ್ಲಿ ಬಾಳಿಹೋದವರ ಗುರುತುಗಳನ್ನು ಅರಸಿ ಬರುವವರು ಇನ್ನು ಕೆಲವರು. ಐರ್ಲೆಂಡ್ ದೇಶದ ಪಶ್ಚಿಮ ಭಾಗದಲ್ಲಿರುವ ಕಾಂಗ್ ಎಂಬ ಪುಟ್ಟ ಗ್ರಾಮವು ಈ ಇಬ್ಬರನ್ನೂ ಸಮನಾದ ಆದರದಿಂದ ಬರಮಾಡಿಕೊಳ್ಳುವುದು. ಅಲ್ಲಿ ಗಾಳ ಹಾಕಿ ದಿನವಿಡೀ ಕುಳಿತಿರಬಹುದು. ಬೇಸರವಾದರೆ ಅರ್ಧ ಗಳಿಗೆ ನಡೆದು ಎಂಟು ನೂರು ವರ್ಷಗಳ ಹಿಂದಿನ ಮಠದ ಅಂಗಳದಲ್ಲಿ ನಿಲ್ಲಬಹುದು. ಆದರೆ ಈ ಊರಿನ ನಿಜವಾದ ವಿಶೇಷವು ಕಣ್ಣಿಗೆ ಥಟ್ಟನೆ ಬೀಳತಕ್ಕದ್ದಲ್ಲ. ಅಲ್ಲಿಯ ನದಿಯು ಹೇಗೆ ನೆಲದೊಳಗೆ ಅಡಗಿ ಹರಿಯುವುದೋ, ಹಾಗೆಯೇ ಆ ಊರಿನ ಬಡಜನರ ಕಥೆಯೂ ಅಂದವಾದ ನೋಟಗಳ ಅಡಿಯಲ್ಲಿ ಹರಿಯುತ್ತಿರುವುದು. ಅದನ್ನು ಅರಿಯದೆ ಹಿಂದಿರುಗಿದವನು ಕಾಂಗ್ ಗ್ರಾಮವನ್ನು ಅರ್ಧ ಮಾತ್ರ ನೋಡಿದಂತೆ.

ರಾಜಧಾನಿಯಾದ ಡಬ್ಲಿನ್ ನಗರದಿಂದ ರೈಲಿನಲ್ಲಿ ಹೊರಟರೆ ಐರ್ಲೆಂಡನ್ನು ಪೂರ್ವದಿಂದ ಪಶ್ಚಿಮಕ್ಕೆ ದಾಟಿ ಗಾಲ್ವೆ ಎಂಬ ಕಡಲತೀರದ ಪಟ್ಟಣವನ್ನು ಸೇರಬಹುದು. ಅಲ್ಲಿಂದ ಉತ್ತರಕ್ಕೆ ಮೋಟಾರಿನಲ್ಲಿ ಸುಮಾರು ಒಂದು ಗಂಟೆಯ ಹಾದಿ. ದಾರಿಯುದ್ದಕ್ಕೂ ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲನ್ನಿಟ್ಟು ಕಟ್ಟಿದ ಮೋಟುಗೋಡೆಗಳು, ಅವುಗಳ ನಡುವೆ ಅಂಗೈಯಗಲದ ಹಸಿರು ಹೊಲಗಳು, ಹೊಲಗಳಲ್ಲಿ ಕುರಿಗಳು. ಮಳೆಯು ಬರುವುದಕ್ಕೂ ಹೋಗುವುದಕ್ಕೂ ಅಲ್ಲಿ ಯಾರ ಅಪ್ಪಣೆಯೂ ಬೇಕಿಲ್ಲ. ಒಂದೇ ಗಂಟೆಯೊಳಗೆ ಬಿಸಿಲು, ತುಂತುರು, ಕಾಮನಬಿಲ್ಲು, ಮತ್ತೆ ಬಿಸಿಲು ಇವೆಲ್ಲವನ್ನೂ ಕಂಡೆವು.

ಕಾಂಗ್ ಗ್ರಾಮವು ಮೇಯೋ ಜಿಲ್ಲೆಗೆ ಸೇರಿದುದು; ಗಾಲ್ವೆ ಜಿಲ್ಲೆಯ ಎಲ್ಲೆಗೆ ತಾಗಿಕೊಂಡಿದೆ. ಉತ್ತರಕ್ಕೆ ಮಾಸ್ಕ್ ಸರೋವರ, ದಕ್ಷಿಣಕ್ಕೆ ಕಾರಿಬ್ ಸರೋವರ. ಇವೆರಡರ ನಡುವೆ ಕೆಲವೇ ಮೈಲಿ ಅಗಲದ ನೆಲದ ಪಟ್ಟಿ. ಐರಿಷ್ ಭಾಷೆಯಲ್ಲಿ ಊರಿನ ಹೆಸರಿಗೆ ಇಕ್ಕಟ್ಟಾದ ನೆಲವೆಂದೇ ಅರ್ಥ. ಕಾರಿಬ್ ಸರೋವರವು ಸುಮಾರು 68 ಚದರ ಮೈಲಿ ವಿಸ್ತಾರವುಳ್ಳದ್ದು. ಇಡೀ ಐರ್ಲೆಂಡ್ ದ್ವೀಪದಲ್ಲಿ ಇದಕ್ಕಿಂತ ದೊಡ್ಡದಾದ ಸರೋವರವು ಉತ್ತರದ ನೇ ಸರೋವರವೊಂದೇ. ವರ್ಷಕ್ಕೆ ಎಷ್ಟು ದಿನಗಳೋ ಕಾರಿಬ್ಬಿನಲ್ಲಿ ಅಷ್ಟು ನಡುಗಡ್ಡೆಗಳೆಂದು ಜನರು ಹೇಳುವರು. ಎಣಿಸಿದರೆ ಸಣ್ಣಪುಟ್ಟವು ಇನ್ನೂ ಹೆಚ್ಚು ಸಿಕ್ಕುವುವು.

ಈ ಎರಡು ಸರೋವರಗಳ ಸಂಬಂಧವು ವಿಚಿತ್ರವಾದುದು. ಮಾಸ್ಕಿನ ನೀರು ಕಾರಿಬ್ಬಿಗೆ ಹರಿದು ಬರುವುದು. ಆದರೆ ನಡುವೆ ನೆಲದ ಮೇಲೆ ನದಿಯು ಕಾಣದು. ಅಲ್ಲಿಯ ನೆಲವೆಲ್ಲ ಸುಣ್ಣಕಲ್ಲು. ಮಳೆಯ ನೀರಿನಲ್ಲಿರುವ ಸೌಮ್ಯವಾದ ಆಮ್ಲವು ಸಾವಿರಾರು ವರ್ಷಗಳ ಕಾಲ ಈ ಕಲ್ಲನ್ನು ಕರಗಿಸಿ ಬಿರುಕುಗಳನ್ನೂ ಸುರಂಗಗಳನ್ನೂ ಗುಹೆಗಳನ್ನೂ ಮಾಡಿಬಿಟ್ಟಿದೆ. ನೀರು ಮಾಸ್ಕಿನ ದಡದಲ್ಲಿ ಈ ಬಿರುಕುಗಳೊಳಗೆ ಇಳಿದು, ಕತ್ತಲೆಯಲ್ಲಿ ಹರಿದು, ಕಾಂಗ್ ಗ್ರಾಮದ ಬಳಿಯಲ್ಲಿ ಬುಗ್ಗೆಬುಗ್ಗೆಯಾಗಿ ಮೇಲಕ್ಕೆದ್ದು, ಊರನ್ನು ಸುತ್ತುವರಿದು, ಕೊನೆಗೆ ಕಾರಿಬ್ಬನ್ನು ಸೇರುವುದು. ಆದುದರಿಂದ ಊರಿಗೆ ಎತ್ತಲಿಂದ ಬಂದರೂ ಒಂದಲ್ಲ ಒಂದು ಸೇತುವೆಯನ್ನು ದಾಟಬೇಕಾಗುವುದು. ರಾತ್ರಿ ಮಲಗಿದಾಗಲೂ ನೀರಿನ ಸದ್ದು ಕಿವಿಯನ್ನು ಬಿಡದು.

ಊರೆಂದರೆ ಎರಡು ಮೂರು ಬೀದಿಗಳು, ಸಾಲಾಗಿ ನಿಂತ ಬಣ್ಣದ ಮನೆಗಳು, ನಡುವೆ ಹಳೆಯ ಪೀಠದ ಮೇಲೆ ನಿಲ್ಲಿಸಿದ ಕಲ್ಲಿನ ಶಿಲುಬೆ. 1951ರಲ್ಲಿ ಜಾನ್ ಫೋರ್ಡ್ ಎಂಬ ಪ್ರಸಿದ್ಧ ನಿರ್ದೇಶಕನು ತನ್ನ 'ದಿ ಕ್ವಯಟ್ ಮ್ಯಾನ್' ಎಂಬ ಚಲನಚಿತ್ರದ ಬಹುಭಾಗವನ್ನು ಇಲ್ಲಿಯೂ ಸುತ್ತಮುತ್ತಲೂ ತೆಗೆದನು. ಅಂದಿನಿಂದ ಆ ಚಿತ್ರವನ್ನು ಮೆಚ್ಚಿದವರು ದೂರ ದೂರದಿಂದ ಬಂದು, ನಾಯಕನು ನಿಂತ ಜಾಗದಲ್ಲಿ ತಾವೂ ನಿಂತು ಭಾವಚಿತ್ರವನ್ನು ತೆಗೆಸಿಕೊಂಡು ಹೋಗುವರು. ಆದರೆ ಚಲನಚಿತ್ರವು ಹುಟ್ಟುವುದಕ್ಕೆ ಬಹು ಮೊದಲೇ ಈ ಊರನ್ನು ಹೊರಗಿನವರಿಗೆ ಪರಿಚಯಮಾಡಿದ್ದು ಇಲ್ಲಿಯ ಮೀನು.

ನಮ್ಮ ವಾಚಕರಲ್ಲಿ ಅನೇಕರಿಗೆ ಮೀನು ಹಿಡಿಯುವುದು ಒಂದು ವಿನೋದವೆಂದು ತೋರಲಾರದು. ಆದರೂ ಅಲ್ಲಿಯವರು ಅದನ್ನು ಎಷ್ಟು ಶ್ರದ್ಧೆಯಿಂದ ಆಚರಿಸುವರೆಂಬುದನ್ನು ಅರಿಯುವುದು ಸ್ವಾರಸ್ಯಕರವಾದುದು. ಕಾರಿಬ್ಬಿನಲ್ಲಿ ಮೈಮೇಲೆ ಚುಕ್ಕೆಗಳಿರುವ ಕಂದು ಬಣ್ಣದ ಟ್ರೌಟ್ ಮೀನು ಹೇರಳವಾಗಿದೆ. ಸಾಲ್ಮನ್ ಎಂಬ ಮೀನು ಕಡಲಿನಿಂದ ಗಾಲ್ವೆಯ ಬಳಿ ಸಿಹಿನೀರಿಗೆ ಪ್ರವೇಶಿಸಿ, ಮೊಟ್ಟೆಯಿಡುವುದಕ್ಕಾಗಿ ಪ್ರವಾಹಕ್ಕೆದುರಾಗಿ ಈಜಿಕೊಂಡು ಬರುವುದು. ಟ್ರೌಟ್ ಹಿಡಿಯುವ ಕಾಲವು ಫೆಬ್ರವರಿ ನಡುವಿನಿಂದ ಸೆಪ್ಟೆಂಬರ್ ಕೊನೆಯ ವರೆಗೆ. ಅದರಲ್ಲಿಯೂ ಮೇ ತಿಂಗಳು ಅವರಿಗೆ ಹಬ್ಬವಿದ್ದಂತೆ. ಅದಕ್ಕೆ ಕಾರಣ ಒಂದು ಸಣ್ಣ ಹುಳು.

ಮೇಫ್ಲೈ ಎಂಬ ಈ ಹುಳುವು ಸರೋವರದ ತಳದ ಕೆಸರಿನಲ್ಲಿ ಮರಿಯಾಗಿ ಒಂದೆರಡು ವರ್ಷ ಕಳೆಯುವುದು. ಬಳಿಕ ವಸಂತದ ಒಂದು ಬೆಚ್ಚನೆಯ ದಿನ ನೀರಿನ ಮೇಲಕ್ಕೆ ಬಂದು, ಪೊರೆಯನ್ನು ಕಳಚಿ, ರೆಕ್ಕೆಗಳನ್ನು ಬಿಚ್ಚುವುದು. ರೆಕ್ಕೆ ಬಂದಮೇಲೆ ಅದಕ್ಕೆ ಆಹಾರವಿಲ್ಲ; ಆಯುಸ್ಸು ಒಂದೆರಡು ದಿನ ಮಾತ್ರ. ಅಷ್ಟರಲ್ಲಿಯೇ ಸಂಸಾರವನ್ನು ಮುಗಿಸಿ, ಮೊಟ್ಟೆಯನ್ನು ನೀರಿಗೆ ಒಪ್ಪಿಸಿ ಸಾಯುವುದು. ಈ ಹುಳುಗಳು ಲಕ್ಷೋಪಲಕ್ಷವಾಗಿ ಏಳುವ ದಿನಗಳಲ್ಲಿ ಆಳದಲ್ಲಿದ್ದ ದೊಡ್ಡ ಮೀನುಗಳೆಲ್ಲ ಮೇಲಕ್ಕೆ ಬರುವುವು. ಸುದ್ದಿಯು ಹರಡಿದೊಡನೆ ಸುತ್ತಣ ಊರುಗಳ ವಸತಿಗೃಹಗಳು ತುಂಬಿಹೋಗುವುವು.

ಆಗ ಅವರು ಅನುಸರಿಸುವ ಕ್ರಮವು ಬಹಳ ಹಳೆಯದು. ಎರಡಾಳುದ್ದಕ್ಕೂ ಮಿಕ್ಕ ನೀಳವಾದ ಕೋಲು. ಅದರ ತುದಿಯಲ್ಲಿ ಗಾಳಿಗೆ ತೇಲುವಷ್ಟು ಹಗುರವಾದ ದಾರ. ದಾರದ ಕೊನೆಯ ಗಾಳದಲ್ಲಿ ಜೀವಂತವಾದ ಮೇಫ್ಲೈ. ದೋಣಿಯನ್ನು ಗಾಳಿಗೆ ಅಡ್ಡಲಾಗಿ ತೇಲಬಿಟ್ಟು, ಹುಳುವು ನೀರನ್ನು ಮುಟ್ಟಿಯೂ ಮುಟ್ಟದಂತೆ ಕುಣಿಯುವ ಹಾಗೆ ಕೋಲನ್ನು ಹಿಡಿದಿರಬೇಕು. ಕೈಚಳಕಕ್ಕಿಂತ ತಾಳ್ಮೆಯೇ ಇಲ್ಲಿ ಮುಖ್ಯ. ಮೀನು ಬಾಯಿ ಹಾಕಿದ ಕ್ಷಣದಲ್ಲಿಯೇ ಆತುರದಿಂದ ಎಳೆದರೆ ಗಾಳವು ಬರಿದಾಗಿ ಬರುವುದು. ಅದು ಹುಳುವನ್ನು ಕಚ್ಚಿ ಕೆಳಕ್ಕೆ ತಿರುಗುವ ವರೆಗೆ ಉಸಿರು ಬಿಗಿಹಿಡಿದು ಕಾಯಬೇಕು. ದಡದ ಪೊದೆಗಳಲ್ಲಿ ಈ ಹುಳುಗಳನ್ನು ಹಿಡಿದು, ಗಾಳಿಯಾಡುವ ಪೆಟ್ಟಿಗೆಗಳಲ್ಲಿಟ್ಟು, ಬೆಸ್ತುಗಾರರಿಗೆ ಮಾರಿ ಕೈಕಾಸು ಸಂಪಾದಿಸುವುದು ಅಲ್ಲಿಯ ಮಕ್ಕಳಿಗೆ ತಲೆತಲಾಂತರದಿಂದ ಬಂದ ಪದ್ಧತಿ.

ನಮ್ಮ ದೋಣಿಯನ್ನು ನಡೆಸಿದವನು ನರೆತ ಕೂದಲಿನ ಮುದುಕ. ಮೂರು ಗಂಟೆಗಳಾದರೂ ಜೊತೆಯವರ ಗಾಳಕ್ಕೆ ಏನೂ ಬೀಳದಿದ್ದಾಗ, "ಇವತ್ತು ಮೀನು ಇಲ್ಲವೇನಪ್ಪ?" ಎಂದು ಕೇಳಿದೆನು. ಆತನು ಹುಟ್ಟನ್ನು ನಿಲ್ಲಿಸದೆಯೇ, "ಮೀನು ಇದ್ದೇ ಇದೆ ಸ್ವಾಮಿ, ನಾವು ಇಲ್ಲಿದ್ದೇವೆಂಬುದೂ ಅದಕ್ಕೆ ಗೊತ್ತಿದೆ. ಅದರ ಮನಸ್ಸು ಬರಬೇಕಷ್ಟೆ" ಎಂದನು. ನಿಯಮಿಸಿದ ಅಳತೆಗಿಂತ ಚಿಕ್ಕ ಮೀನು ಸಿಕ್ಕಿದರೆ ಅದನ್ನು ಒದ್ದೆ ಕೈಯಿಂದ ಹಿಡಿದು ಮರಳಿ ನೀರಿಗೆ ಬಿಡಬೇಕೆಂಬುದನ್ನೂ ಅವನೇ ತಿಳಿಸಿದನು. ಒಣಗಿದ ಕೈಯಿಂದ ಹಿಡಿದರೆ ಅದರ ಮೈಯ ಲೋಳೆಪೊರೆಯು ಕಿತ್ತುಹೋಗಿ ಮೀನಿಗೆ ರೋಗ ತಗಲುವುದಂತೆ. ಬೇಟೆಯಲ್ಲಿಯೂ ಒಂದು ಮರ್ಯಾದೆಯಿದೆಯೆಂದು ಇದರಿಂದ ಕಂಡುಬಂದಿತು.

ಇಷ್ಟು ತಾಳ್ಮೆಯಿಲ್ಲದವರಿಗೆ ಒಂದು ಉಪಾಯವನ್ನು ಹಿಂದಿನ ಕಾಲದ ಸನ್ಯಾಸಿಗಳು ಕಂಡುಹಿಡಿದಿದ್ದರು. ಗ್ರಾಮದ ಅಂಚಿನಲ್ಲಿ, ನದಿಯ ನೀರಿನ ಮೇಲೆಯೇ, ಕಲ್ಲಿನ ಸಣ್ಣದೊಂದು ಮನೆಯು ಇಂದಿಗೂ ನಿಂತಿದೆ. ಛಾವಣಿ ಹೋಗಿದೆ, ಗೋಡೆಗಳು ಉಳಿದಿವೆ. ನೀರು ಅದರ ನೆಲದ ಕೆಳಗೆ ಹರಿಯುವುದು. ನೆಲದಲ್ಲಿ ಒಂದು ಕಿಂಡಿ. ಅದರ ಮೂಲಕ ಬಲೆಯನ್ನು ಇಳಿಬಿಟ್ಟು, ಚಳಿಗಾಲದಲ್ಲಿ ಒಲೆಯ ಮುಂದೆ ಬೆಚ್ಚಗೆ ಕುಳಿತೇ ಮೀನು ಹಿಡಿಯುತ್ತಿದ್ದರಂತೆ. ಬಲೆಗೆ ಮೀನು ಬಿದ್ದೊಡನೆ ಮಠದ ಅಡಿಗೆಮನೆಯಲ್ಲಿ ಗಂಟೆ ಬಾರಿಸುವಂತೆ ಹಗ್ಗವೊಂದನ್ನು ಕಟ್ಟಿದ್ದರೆಂದೂ ಐತಿಹ್ಯವುಂಟು. ಮಾಂಸವನ್ನು ವರ್ಜಿಸಬೇಕಾದ ವ್ರತದ ದಿನಗಳು ಕ್ರೈಸ್ತ ಸನ್ಯಾಸಿಗಳಿಗೆ ಅನೇಕವಿದ್ದುವು. ಆ ದಿನಗಳಲ್ಲಿ ಅವರಿಗೆ ಮೀನೇ ಆಧಾರ.

ಸಮೀಪದಲ್ಲಿಯೇ ಆ ಮಠದ ಅವಶೇಷಗಳಿವೆ. ಏಳನೆಯ ಶತಮಾನದಲ್ಲಿ ಸಂತ ಫೆಕಿನ್ ಎಂಬವನು ಇಲ್ಲಿ ಒಂದು ಆಶ್ರಮವನ್ನು ಸ್ಥಾಪಿಸಿದನೆಂದು ಹೇಳುವರು. ಹನ್ನೆರಡನೆಯ ಶತಮಾನದ ಮೊದಲ ಭಾಗದಲ್ಲಿ ಕನಾಟ್ ಪ್ರಾಂತದ ದೊರೆ ಟರ್ಲೋ ಓಕಾನರ್ ಎಂಬವನು ಅಗಸ್ಟಿನ್ ಪಂಥದವರಿಗಾಗಿ ಮಠವನ್ನು ಮತ್ತೆ ಕಟ್ಟಿಸಿದನು. ಈಗ ಕಾಣುವ ಕಮಾನುಗಳೂ ಎಲೆಬಳ್ಳಿಗಳನ್ನು ಕೆತ್ತಿದ ಬಾಗಿಲುಗಳೂ ಬಹುಮಟ್ಟಿಗೆ ಸುಮಾರು ಎಂಟು ನೂರು ವರ್ಷಗಳ ಹಿಂದಿನವು. ಟರ್ಲೋವಿನ ಮಗ ರೋರಿ ಓಕಾನರನೇ ಸ್ವತಂತ್ರ ಐರ್ಲೆಂಡಿನ ಕೊನೆಯ ಮಹಾರಾಜ. ಇಂಗ್ಲೆಂಡಿನಿಂದ ನಾರ್ಮನರು ದಂಡೆತ್ತಿ ಬಂದಾಗ ಅವನ ಬಲವು ಸಾಲದೆ ಹೋಯಿತು. 1175ರಲ್ಲಿ ಎರಡನೆಯ ಹೆನ್ರಿಯ ಮೇಲಾಳ್ತನವನ್ನು ಒಪ್ಪಿಕೊಂಡ ಮೇಲೆ ಸ್ವಂತ ಮಕ್ಕಳೂ ಅವನಿಗೆ ತಿರುಗಿಬಿದ್ದರು. ಕೊನೆಗೆ ಕಿರೀಟವನ್ನು ತೊರೆದು ಈ ಮಠಕ್ಕೆ ಬಂದು ಸೇರಿ, 1198ರಲ್ಲಿ ಇಲ್ಲಿಯೇ ಕಣ್ಣುಮುಚ್ಚಿದನು. ಒಂದು ಕಾಲಕ್ಕೆ ಇಡೀ ದ್ವೀಪವನ್ನು ತನ್ನದೆಂದವನು ಕೊನೆಯ ದಿನಗಳಲ್ಲಿ ಈ ಕಮಾನುಗಳ ನೆರಳಿನಲ್ಲಿ ಜಪಮಾಡುತ್ತ ಕುಳಿತಿರುವುದನ್ನು ಕಲ್ಪಿಸಿಕೊಂಡರೆ ಮನಸ್ಸು ಗಂಭೀರವಾಗುವುದು.

ಈ ಮಠದಲ್ಲಿದ್ದ ಒಂದು ಅಮೂಲ್ಯ ವಸ್ತುವು ಈಗ ಡಬ್ಲಿನ್ನಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. ಅದೇ 'ಕಾಂಗ್ ಶಿಲುಬೆ'. ಯೇಸುವನ್ನು ಏರಿಸಿದ ಶಿಲುಬೆಯ ಚೂರೆಂದು ನಂಬಲಾದುದನ್ನು ಇರಿಸುವುದಕ್ಕಾಗಿ ಟರ್ಲೋ ದೊರೆಯು 1123ರ ಸುಮಾರಿನಲ್ಲಿ ಇದನ್ನು ಮಾಡಿಸಿದನು. ಮರದ ಮೇಲೆ ಕಂಚನ್ನು ಹೊದಿಸಿ, ಬೆಳ್ಳಿ ಬಂಗಾರಗಳಿಂದ ಹೆಣೆದುಕೊಂಡ ಪ್ರಾಣಿಗಳ ಚಿತ್ರಗಳನ್ನು ರಚಿಸಿದ್ದಾರೆ. ದೊರೆಯ ಹೆಸರಿನೊಡನೆ ಅಕ್ಕಸಾಲೆಯ ಹೆಸರನ್ನೂ ಅಂಚಿನಲ್ಲಿ ಕೆತ್ತಿದೆ. ಮಠಗಳು ಮುಚ್ಚಿಹೋದ ಕಷ್ಟಕಾಲದಲ್ಲಿಯೂ ಊರವರು ಇದನ್ನು ಕಾಪಾಡಿಕೊಂಡು ಬಂದರು. 1839ರಲ್ಲಿ ಜೇಮ್ಸ್ ಮಕಲಾ ಎಂಬ ಗಣಿತಶಾಸ್ತ್ರದ ಪ್ರಾಧ್ಯಾಪಕನು ತಾನು ಕೂಡಿಟ್ಟ ಹಣದಿಂದ ಇದನ್ನು ಕೊಂಡು ರಾಯಲ್ ಐರಿಷ್ ಅಕಾಡೆಮಿಗೆ ದಾನಮಾಡಿದನು. ಆತನು ಸಿರಿವಂತನಾಗಿರಲಿಲ್ಲ, ಆದರೂ ನಾಡಿನ ನಿಧಿಯು ಹೊರಗೆ ಹೋಗಬಾರದೆಂಬ ಅಭಿಮಾನವಿದ್ದಿತು.

ಊರಿನಿಂದ ಸ್ವಲ್ಪ ದೂರದಲ್ಲಿ, ಕಾಡಿನ ನಡುವೆ, 'ಪಾರಿವಾಳದ ಬಿಲ' ಎಂದು ಕರೆಯುವ ಗುಹೆಯೊಂದುಂಟು. ಪಾಚಿಗಟ್ಟಿದ ಮೆಟ್ಟಿಲುಗಳನ್ನು ಎಚ್ಚರಿಕೆಯಿಂದ ಇಳಿದರೆ ನೆಲದಡಿಯ ನದಿಯ ಸದ್ದು ಕಿವಿಗೆ ಬೀಳುವುದು. ಇಲ್ಲಿ ಬಿಳಿಯ ಟ್ರೌಟ್ ಮೀನೊಂದು ವಾಸವಾಗಿದೆಯೆಂದು ಅಜ್ಜಿಯರು ಮೊಮ್ಮಕ್ಕಳಿಗೆ ಹೇಳುವರು. ಮದುವೆಗೆ ಮುಂಚೆಯೇ ತನ್ನ ನಲ್ಲನನ್ನು ಕೊಲೆಗಡುಕರಿಂದ ಕಳೆದುಕೊಂಡ ಕನ್ಯೆಯೊಬ್ಬಳು ಮೀನಾಗಿ ಅವನನ್ನು ಕಾಯುತ್ತಿದ್ದಾಳಂತೆ. ದುಷ್ಟನಾದ ಸೈನಿಕನೊಬ್ಬನು ಅದನ್ನು ಹಿಡಿದು ಬಾಣಲೆಗೆ ಹಾಕಿದನು. ಎಷ್ಟು ಹೊತ್ತಾದರೂ ಅದು ಬೇಯಲಿಲ್ಲ. ಕತ್ತಿಯನ್ನು ತಾಗಿಸಿದಾಗ ಹೆಣ್ಣಾಗಿ ಎದ್ದು ನಿಂತು, "ನನ್ನನ್ನು ಕೂಡಲೇ ನೀರಿಗೆ ಬಿಡು, ನಾನಿಲ್ಲದ ಹೊತ್ತಿನಲ್ಲಿ ಅವರು ಬಂದುಹೋದರೆ ನಿನ್ನ ಗತಿಯೇನು?" ಎಂದು ಗದರಿಸಿದಳಂತೆ. ನಡುಗುತ್ತ ಅವನು ಹಾಗೆಯೇ ಮಾಡಿ, ಅಂದಿನಿಂದ ಸನ್ಮಾರ್ಗಿಯಾದನು. ಕತ್ತಿ ತಾಗಿದ ಕೆಂಪು ಗುರುತು ಆ ಮೀನಿನ ಪಕ್ಕೆಯಲ್ಲಿ ಈಗಲೂ ಇದೆಯೆಂಬುದು ಕಥೆಯ ಕೊನೆ.

ಆದರೆ ಅಡಗಿದ ಈ ನದಿಯ ಇನ್ನೊಂದು ಕಥೆಯು ಅಷ್ಟು ಇಂಪಾದುದಲ್ಲ. 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆಯ ಬೆಳೆಗೆ ಕೊಳೆರೋಗವು ತಗಲಿತು. ಬಡವರಿಗೆ ಅದೇ ಅನ್ನವಾಗಿದ್ದುದರಿಂದ ಮುಂದಿನ ಕೆಲವು ವರ್ಷಗಳಲ್ಲಿ ಸುಮಾರು ಹತ್ತು ಲಕ್ಷ ಜನರು ಹಸಿವಿನಿಂದಲೂ ರೋಗದಿಂದಲೂ ಸತ್ತರು. ಅಷ್ಟೇ ಜನರು ಹಡಗು ಹತ್ತಿ ದೇಶಾಂತರ ಹೋದರು. ಆಗ 1848ರಲ್ಲಿ ಮಾಸ್ಕ್ ಮತ್ತು ಕಾರಿಬ್ ಸರೋವರಗಳ ನಡುವೆ ದೋಣಿಗಳು ಸಂಚರಿಸಲೆಂದು ಕಾಲುವೆಯೊಂದನ್ನು ತೋಡಿಸತೊಡಗಿದರು. ಹಸಿದ ಜನರು ಕೂಲಿಗಾಗಿ ಗುದ್ದಲಿ ಹಿಡಿದು ಬಂಡೆಯನ್ನು ಸೀಳಿದರು. ನೀರನ್ನು ತಡೆದು ದೋಣಿಗಳನ್ನು ಏರಿಸಿ ಇಳಿಸುವ ಕಟ್ಟೆಗಳನ್ನೂ ಅಂದವಾದ ಕಲ್ಲಿನಿಂದ ಕಟ್ಟಿದರು. ಆದರೆ ಬಿರುಕುಬಿಟ್ಟ ಸುಣ್ಣಕಲ್ಲು ನೀರನ್ನು ಹಿಡಿದಿಡಲಿಲ್ಲ. ಖರ್ಚು ಮಿತಿಮೀರಿತು, ಅಷ್ಟರಲ್ಲಿ ರೈಲುಮಾರ್ಗಗಳೂ ಬರತೊಡಗಿದ್ದುವು. 1854ರಲ್ಲಿ ಕೆಲಸವನ್ನು ನಿಲ್ಲಿಸಿದರು. ಚಳಿಗಾಲದಲ್ಲಿ ಅಂತರ್ಜಲವು ಏರಿದಾಗ ಅಲ್ಲಿ ನೀರು ಕಾಣುವುದು. ಬೇಸಿಗೆಯಲ್ಲಿ ಒಣಗಿ ಹುಲ್ಲು ಬೆಳೆಯುವುದು. ಪ್ರವಾಸಿಗರು ಈ 'ಒಣ ಕಾಲುವೆ'ಯನ್ನು ಕಂಡು ನಗುವುದುಂಟು. ಒಂದೊಂದು ಕಲ್ಲನ್ನೂ ಎತ್ತಿದವರು ಅರೆಹೊಟ್ಟೆಯವರೆಂಬುದನ್ನು ನೆನೆದರೆ ನಗೆಯು ತಾನಾಗಿ ನಿಲ್ಲುವುದು.

ಅದೇ ಕಾಲದಲ್ಲಿ, 1852ರಲ್ಲಿ, ಕಾರಿಬ್ಬಿನ ದಡದ ಆಶ್‌ಫರ್ಡ್ ಎಂಬ ಕೋಟೆಮನೆಯನ್ನು ಗಿನ್ನೆಸ್ ಮನೆತನದವರು ಕೊಂಡು, ಗೋಪುರಗಳನ್ನೂ ಉಪವನಗಳನ್ನೂ ಸೇರಿಸಿ ಅರಮನೆಯಂತೆ ಬೆಳೆಸಿದರು. ಈಗ ಅದು ದೊಡ್ಡ ಹೋಟೆಲು. ಅಲ್ಲಿಂದ ದೋಣಿಯಲ್ಲಿ ಹೊರಟರೆ ಇಂಚಗಾಯಿಲ್ ಎಂಬ ನಡುಗಡ್ಡೆಯನ್ನು ಸೇರಬಹುದು. ಮರಗಳ ನಡುವೆ ಎರಡು ಪುರಾತನ ದೇವಮಂದಿರಗಳ ಅವಶೇಷಗಳೂ, ಆಳುದ್ದವೂ ಇಲ್ಲದ ಒಂದು ಬರಹಗಲ್ಲೂ ಅಲ್ಲಿವೆ. ಇಂತಹವನ ಮಗನಾದ ಲುಗುವೇಡನ್ ಎಂಬವನ ಕಲ್ಲು ಇದೆಂದು ಅದರಲ್ಲಿ ಕೆತ್ತಿದೆ. ಐರಿಷ್ ಭಾಷೆಯ ಮಾತನ್ನು ಲ್ಯಾಟಿನ್ ಅಕ್ಷರಗಳಲ್ಲಿ ಕೆತ್ತಿದ ಅತ್ಯಂತ ಹಳೆಯ ಶಾಸನಗಳಲ್ಲಿ ಇದೊಂದು. ಸುತ್ತಣ ಬಯಲಿನಲ್ಲಿ ಇನ್ನೂ ಪ್ರಾಚೀನವಾದ ಕಲ್ಲುಗುಡ್ಡೆಗಳೂ ಶಿಲಾವೃತ್ತಗಳೂ ಇವೆ. ಪುರಾಣಗಳು ವರ್ಣಿಸುವ ಮಾಯ್‌ಟ್ಯೂರ ಯುದ್ಧವು ಇಲ್ಲಿಯೇ ನಡೆಯಿತೆಂದು ಸರ್ ವಿಲಿಯಂ ವೈಲ್ಡ್ ಎಂಬ ವೈದ್ಯನು ವಾದಿಸಿದನು. ಪ್ರಸಿದ್ಧ ನಾಟಕಕಾರ ಆಸ್ಕರ್ ವೈಲ್ಡನ ತಂದೆಯೇ ಈತ. ಈ ದಡದಲ್ಲಿ ಮನೆಯನ್ನು ಕಟ್ಟಿಸಿ, 1867ರಲ್ಲಿ ಕಾರಿಬ್ ಸರೋವರವನ್ನೇ ಕುರಿತು ಒಂದು ಗ್ರಂಥವನ್ನು ಪ್ರಕಟಿಸಿದನು.

ಇನ್ನು ಉಳಿದಿರುವುದು, ಭಾರತೀಯರಾದ ನಮಗೆ ಎಲ್ಲಕ್ಕಿಂತ ಹತ್ತಿರವಾದ ಸ್ಥಳ. ಕಾಂಗ್ ಗ್ರಾಮದಿಂದ ಉತ್ತರಕ್ಕೆ ಕೆಲವು ಮೈಲಿ ಹೋದರೆ ಮಾಸ್ಕ್ ಸರೋವರದ ಪೂರ್ವದ ದಡದಲ್ಲಿ 'ಲಾಖ್ ಮಾಸ್ಕ್ ಹೌಸ್' ಎಂಬ ಮನೆಯಿದೆ. 1880ರಲ್ಲಿ ಅಲ್ಲಿ ವಾಸವಾಗಿದ್ದವನು ಅರ್ನ್ ಪ್ರಭುವೆಂಬ ಜಮೀನುದಾರನ ಪಾರುಪತ್ಯಗಾರ. ಹೆಸರು ಕ್ಯಾಪ್ಟನ್ ಚಾರ್ಲ್ಸ್ ಬಾಯ್‌ಕಾಟ್. ಆ ವರ್ಷ ಬೆಳೆಯು ಕೆಟ್ಟಿತ್ತು. ಗೇಣಿಯಲ್ಲಿ ನೂರಕ್ಕೆ ಇಪ್ಪತ್ತೈದರಷ್ಟು ಕಡಮೆ ಮಾಡಬೇಕೆಂದು ಒಕ್ಕಲುಗಳು ಬೇಡಿದರು. ಪ್ರಭುವು ಹತ್ತರಷ್ಟು ಮಾತ್ರ ಒಪ್ಪಿದನು. ಒಕ್ಕಲೆಬ್ಬಿಸುವ ನೋಟೀಸುಗಳು ಹೊರಟುವು. ರೈತರ ಸಂಘವಾದ 'ಲ್ಯಾಂಡ್ ಲೀಗ್' 1879ರಲ್ಲಿಯೇ ಹುಟ್ಟಿತ್ತು. ಅನ್ಯಾಯಕ್ಕೆ ಕೈಗೂಡಿಸಿದವನನ್ನು ಹೊಡೆಯಬೇಡಿರಿ, ಎಲ್ಲರೂ ಕೂಡಿ ದೂರವಿಡಿರಿ ಎಂಬ ಅರ್ಥದಲ್ಲಿ ಅದರ ನಾಯಕನಾದ ಪಾರ್ನೆಲನು ಆ ಸೆಪ್ಟೆಂಬರಿನಲ್ಲಿ ಉಪನ್ಯಾಸ ಮಾಡಿದ್ದನು.

ಊರವರು ಅದನ್ನು ಅಕ್ಷರಶಃ ನಡೆಸಿದರು. ಆಳುಗಳು ಕೆಲಸವನ್ನು ಬಿಟ್ಟರು. ಕಮ್ಮಾರನು ಕುದುರೆಗೆ ಲಾಳ ಕಟ್ಟಲಿಲ್ಲ. ಅಗಸಗಿತ್ತಿಯು ಬಟ್ಟೆ ಒಗೆಯಲಿಲ್ಲ. ಅಂಗಡಿಯವನು ಸಾಮಾನು ಕೊಡಲಿಲ್ಲ. ಹೊಲದಲ್ಲಿ ಬೆಳೆಯು ಕೊಯ್ಯುವವರಿಲ್ಲದೆ ನಿಂತಿತು. ಕೊನೆಗೆ ಉತ್ತರದ ಅಲ್‌ಸ್ಟರ್ ಪ್ರಾಂತದಿಂದ ಸುಮಾರು ಐವತ್ತು ಮಂದಿ ಕೂಲಿಗಳು ಬಂದರು. ಅವರ ಕಾವಲಿಗೆ ಸುಮಾರು ಒಂದು ಸಾವಿರ ಸಿಪಾಯಿಗಳೂ ಪೋಲೀಸರೂ ಬಂದರು. ಕೆಲವು ನೂರು ಪೌಂಡು ಬೆಲೆಯ ಬೆಳೆಯನ್ನು ಕೊಯ್ಯುವುದಕ್ಕೆ ಸಾವಿರಾರು ಪೌಂಡುಗಳು ವೆಚ್ಚವಾದುವು. ಅದೇ ವರ್ಷ ಚಳಿಗಾಲದ ಆರಂಭದಲ್ಲಿ ಬಾಯ್‌ಕಾಟನು ಸಂಸಾರಸಮೇತನಾಗಿ ಊರನ್ನು ಬಿಟ್ಟುಹೋದನು. ಈ ಹೊಸ ಶಸ್ತ್ರಕ್ಕೆ ರೈತರ ಬಾಯಿಗೆ ಸುಲಭವಾದ ಒಂದು ಹೆಸರು ಬೇಕೆಂದು ಸ್ಥಳದ ಪಾದ್ರಿಯಾದ ಜಾನ್ ಓಮಾಲಿ ಎಂಬವನು ಅವನ ಹೆಸರನ್ನೇ ಕ್ರಿಯಾಪದವಾಗಿ ಬಳಸಿದನೆಂದು ಪ್ರಸಿದ್ಧಿ. ಮನುಷ್ಯನು ಹೋದನು; ಮಾತು ಉಳಿಯಿತು.

ಆ ಮಾತು ಇಪ್ಪತ್ತೈದು ವರ್ಷಗಳೊಳಗೆ ನಮ್ಮ ದೇಶಕ್ಕೂ ಬಂದಿತು. 1905ರ ವಂಗಭಂಗದ ಕಾಲದಲ್ಲಿ ವಿದೇಶಿ ವಸ್ತುಗಳ ಬಹಿಷ್ಕಾರವೆಂದು ಪತ್ರಿಕೆಗಳು ಸಾರಿದ್ದು ಈ ಮಾತನ್ನೇ. ಮುಂದೆ ಗಾಂಧೀಜಿಯವರ ಅಸಹಕಾರದ ದಿನಗಳಲ್ಲಿ ನಮ್ಮ ಕನ್ನಡನಾಡಿನ ಮನೆಮನೆಯ ಹೆಂಗಸರೂ ಪರದೇಶದ ಬಟ್ಟೆಯನ್ನು ತೊರೆದು ಖಾದಿಯನ್ನು ಉಟ್ಟರು. 1930ರ ಬಳಿಕ ಅಂಕೋಲೆ ಸಿದ್ದಾಪುರಗಳ ರೈತರು ಕರವನ್ನು ಕೊಡದೆ, ಮನೆಮಾರುಗಳನ್ನು ಕಳೆದುಕೊಂಡರೂ ಮಣಿಯದೆ ನಿಂತರು. ಬಹಿಷ್ಕಾರವೆಂಬುದು ನಮ್ಮ ಹಳ್ಳಿಗಳಿಗೆ ಹೊಸದಲ್ಲ. ಅದರಿಂದ ನಿರಪರಾಧಿಗಳೂ ದುರ್ಬಲರೂ ಬಹಳ ನೊಂದಿರುವರು. ಆದರೆ ಬಲವಿಲ್ಲದವರು ಬಲವಂತನಿಗೆದುರಾಗಿ ಅದನ್ನು ಹಿಡಿಯಬಹುದೆಂಬುದನ್ನು ಜಗತ್ತಿಗೆ ತೋರಿಸಿದ ಸ್ಥಳಗಳಲ್ಲಿ ಈ ಸರೋವರತೀರವು ಮುಖ್ಯವಾದುದು. ಹಸಿವಿನ ವರ್ಷಗಳಲ್ಲಿ ಕಾಲುವೆ ತೋಡಿದವರ ಮಕ್ಕಳೇ ಮೂವತ್ತು ವರ್ಷಗಳ ಮೇಲೆ ಹೀಗೆ ಕೈಕಟ್ಟಿ ನಿಂತವರೆಂಬುದನ್ನು ಮರೆಯಲಾಗದು. ನೆಲದಡಿಗೆ ಇಳಿದ ನೀರು ಕಾಂಗ್ ಗ್ರಾಮದಲ್ಲಿ ಮೇಲಕ್ಕೆ ಎದ್ದೇ ಏಳುವುದಷ್ಟೆ!

ಅಲ್ಲಿಗೆ ಹೋಗತಕ್ಕವರು ಮೇ ತಿಂಗಳಿನಿಂದ ಸೆಪ್ಟೆಂಬರಿನೊಳಗೆ ಹೋಗುವುದು ಲೇಸು. ಬೇಸಿಗೆಯಾದರೂ ಉಣ್ಣೆಯ ಅಂಗಿಯನ್ನೂ ಮಳೆಯಂಗಿಯನ್ನೂ ಮರೆಯಬಾರದು. ಸರೋವರವು ವಿಶಾಲವಾದುದು, ಗಾಳಿಯು ಚಂಚಲವಾದುದು. ಆದಕಾರಣ ಅನುಭವಶಾಲಿಯಾದ ದೋಣಿಗಾರನಿಲ್ಲದೆ ನೀರಿಗಿಳಿಯುವುದು ವಿವೇಕವಲ್ಲ. 2005ರಲ್ಲಿ ಪರದೇಶದ ಜಲಸಸ್ಯವೊಂದು ಕಾರಿಬ್ಬಿನಲ್ಲಿ ಕಾಣಿಸಿಕೊಂಡು ಕೊಲ್ಲಿಗಳನ್ನು ಮುಚ್ಚತೊಡಗಿತು. ತಳಕ್ಕೆ ಸೆಣಬಿನ ಹಾಸನ್ನು ಹೊದಿಸಿ ಅದನ್ನು ಅಡಗಿಸುವ ಕೆಲಸವನ್ನು ಕೈಕೊಂಡರು. ಬೇರೆ ನೀರಿನಿಂದ ತಂದ ದೋಣಿ, ಬಲೆ, ಕೋಲುಗಳನ್ನು ಚೆನ್ನಾಗಿ ತೊಳೆದು ಒಣಗಿಸಿ ತರಬೇಕೆಂದು ಅಲ್ಲಿಯವರು ಅತಿಥಿಗಳನ್ನು ಬೇಡಿಕೊಳ್ಳುವುದು ಇಂತಹ ಕಾರಣಗಳಿಗಾಗಿಯೇ. ತನ್ನ ಸಂತೋಷಕ್ಕಾಗಿ ಬಂದವನು ಆ ನೀರನ್ನು ನಂಬಿ ಬಾಳುವವರ ಹಿತವನ್ನೂ ನೆನೆಯಬೇಕು.

ಪ್ರವಾಸದಿಂದ ದೊರೆಯುವ ಲಾಭವು ಕಂಡ ನೋಟಗಳ ಎಣಿಕೆಯಲ್ಲಿಲ್ಲ. ಆಶ್‌ಫರ್ಡಿನ ಗೋಪುರಗಳನ್ನು ಎಲ್ಲರೂ ಮೆಚ್ಚುವರು, ಮೆಚ್ಚತಕ್ಕದ್ದೇ. ಆದರೆ ಅಲ್ಲಿಂದ ಸ್ವಲ್ಪ ದೂರ ನಡೆದು ಒಣ ಕಾಲುವೆಯ ದಂಡೆಯ ಮೇಲೆ ಒಂದು ಗಳಿಗೆ ನಿಂತವನಿಗೆ ಆ ಗೋಪುರಗಳ ಅರ್ಥವೂ, ಮಾಸ್ಕ್ ತೀರದ ಆ ಒಂಟಿಮನೆಯ ಅರ್ಥವೂ ಒಟ್ಟಿಗೆ ತಿಳಿಯುವುವು. ಮಕ್ಕಳನ್ನು ಕರೆದೊಯ್ಯುವ ತಂದೆತಾಯಿಗಳು ಬಿಳಿಯ ಮೀನಿನ ಕಥೆಯೊಡನೆ ಬಂಡೆಯೊಡೆದವರ ಕಥೆಯನ್ನೂ ಹೇಳಿದರೆ ಒಳ್ಳೆಯದು. ಎರಡೂ ಅದೇ ನೀರಿನ ಕಥೆಗಳು.